ಫ್ಯುಯೆಲ್ ಸೆಲ್ಲಿನ ಅರ್ಧ ಲೋಟ ನೀರು

ಹುಳು ಮನೆಯಲ್ಲಿ ಸ್ಟ್ಯಾಂಡಿನ ಮೂರನೇ ಅಂತಸ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಒಂದು ಕಡ್ಡಿಯ ಬುಡ ಆ ಕಡೆಗೆ, ಇನ್ನೊಂದರದು ಈ ಕಡೆಗೆ ಬರುವಂತೆ ಮಲಗಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಎಲೆ ಹೆಚ್ಚಿರುವ ಕಡೆಗೇ ಎಲ್ಲ ಹುಳುಗಳೂ ಗುಂಪು ಕಟ್ಟುತ್ತವೆ. ನಾಲ್ಕನೇ ಸಲ ಪೊರೆ ಬಿಡುವ ಜ್ವರದಿಂದ ಎದ್ದು ಮೂರು ದಿನವಾಗಿದ್ದ ರೇಷ್ಮೆ ಹುಳುಗಳು ಅವು. ಈ ವಯಸ್ಸಿನಲ್ಲಿ ಅವಕ್ಕೆ ಗೊತ್ತಿರುವುದು ಎರಡೇ ಕೆಲಸ, ತಿನ್ನುವುದು ಮತ್ತು ಸೆಖೆಗೆ ಸಾಯುವುದು. ಇನ್ನು ಐದು ದಿನ ಎರಡನೆಯದನ್ನು ಮಾಡದಂತೆ ಕಾದರೆ ಹಣ್ಣಾಗಿ ಚಂದ್ರಿಕೆಯೆಂಬ ಬಿದಿರು ತಟ್ಟೆ ಹತ್ತಿ ಗೂಡು ಕಟ್ಟುತ್ತವೆ. ಆದರೆ ಇದು ಏಪ್ರಿಲ್. ನಮ್ಮ ಮೇಲೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೋದ ಕರೆಂಟು ಬರುವುದು ಮೂರಕ್ಕೆ, ಸೆಖೆ ತನ್ನ ಕೆಲಸ ಮುಗಿಸಿಕೊಂಡ ಮೇಲೆ. ಹೋದ ವರ್ಷ ಆ ಮೂರು ಗಂಟೆಗಳೇ ನನ್ನ ಅರ್ಧ ಬೆಳೆಯನ್ನು ನುಂಗಿದ್ದವು.

ಈಗ ಹನ್ನೆರಡೂವರೆ. ಊರಿಗೆಲ್ಲ ಕರೆಂಟಿಲ್ಲ. ನನ್ನ ತಲೆಯ ಮೇಲೆ ಮಾತ್ರ ಫ್ಯಾನು ತಿರುಗುತ್ತಿತ್ತು.

ಅದನ್ನು ತಿರುಗಿಸುತ್ತಿರುವವರು ತಾವೇ ಎನ್ನುವ ಧ್ವನಿಯಲ್ಲಿ ನಮ್ಮ ಯಜಮಾನರು ಹೊರಗೆ ಜಗಲಿಯಲ್ಲಿ ಮಾತಾಡುತ್ತಿದ್ದರು.

ಯಜಮಾನರ ಹೆಸರು ಭಾನುಪ್ರಕಾಶ್. ಮುದ್ದೇನಹಳ್ಳಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಉಪಕರಣಗಳನ್ನು ಒರೆಸಿ ಒರೆಸಿ, ವಿಜ್ಞಾನವು ಧೂಳಿನ ಜೊತೆ ತಮಗೂ ಅಂಟಿಕೊಂಡಿದೆ ಎಂದು ಪ್ರಾಮಾಣಿಕವಾಗಿ ನಂಬಿದವರು. ಅವರ ಕಾಲೇಜಿನ ಅಮೃತ ಮೇಡಂ ಒಂದು ಫ್ಯುಯೆಲ್ ಸೆಲ್ ಮಾಡಿಸಿದ್ದರು. ಅದನ್ನು ರೈತರ ಹುಳು ಮನೆಯೊಂದರಲ್ಲಿ ಒಂದು ಬೆಳೆಯ ಮಟ್ಟಿಗೆ ಇಟ್ಟು ನೋಡಬೇಕು ಎಂದಾಗ ಇವರು ಕೈ ಎತ್ತಿ, ನೋಡಿಕೊಳ್ಳಲೆಂದು ರಜೆಯನ್ನೂ ಪಡೆದರು. ಹೀಗೆ ಅಕ್ಕಿ ಡಬ್ಬದಷ್ಟು ದೊಡ್ಡ ಸ್ಟೀಲಿನ ಪೆಟ್ಟಿಗೆಯೊಂದು ಎರಡು ಹೈಡ್ರೋಜನ್ ಸಿಲಿಂಡರುಗಳ ಸಮೇತ ನಮ್ಮ ಜಗಲಿಗೆ ಬಂತು.

ಜೋಡಿಸಲು ಬಂದ ದಿನ ಮೇಡಂ ನಮಗೆ ಬಿಡಿಸಿ ಹೇಳಿದ್ದರು.

"ನೋಡಿ ತನುಜಮ್ಮ, ಇಲ್ಲೇನೂ ಉರಿಯಲ್ಲ. ಈ ಕಡೆಯಿಂದ ಹೈಡ್ರೋಜನ್ ಬರುತ್ತೆ. ನಡುವೆ ತೆಳ್ಳನೆ ಹಾಳೆ ಇದೆ. ಅಲ್ಲಿ ಹೈಡ್ರೋಜನ್ ಎರಡು ಪಾಲಾಗುತ್ತೆ. ಪ್ರೋಟಾನು ಅನ್ನೋ ಪಾಲು ಹಾಳೆ ತೂರಿ ಆಚೆ ಹೋಗುತ್ತೆ. ಎಲೆಕ್ಟ್ರಾನು ತೂರೋಕಾಗಲ್ಲ, ಅದು ತಂತಿ ಹಿಡಿದು ಸುತ್ತಾಕ್ಕೊಂಡು ಆಚೆ ಬರಬೇಕು. ಹಂಗೆ ಸುತ್ತಿ ಬರ್ತದಲ್ಲ, ಅದೇ ಕರೆಂಟು. ದಾರೀಲಿ ನಿಮ್ಮ ಫ್ಯಾನ್ ತಿರುಗಿಸಿಬಿಟ್ಟು ಹೋಗುತ್ತೆ. ಆಚೆ ಕಡೆ ಎರಡೂ ಗಾಳಿಯಲ್ಲಿರೋ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತೆ, ಅಷ್ಟೆ."

ನನಗೆ ನಮ್ಮ ಬಲೆ ನೆನಪಾಯಿತು. ಹುಳುವಿನ ಹಾಸಿಗೆ ಬದಲಾಯಿಸುವಾಗ ಮೇಲೊಂದು ಬಲೆ ಹಾಸಿ, ಅದರ ಮೇಲೆ ಹೊಸ ಸೊಪ್ಪು ಹಾಕುತ್ತೇವೆ. ಹುಳು ಬಲೆಯ ಕಣ್ಣು ತೂರಿ ಮೇಲಕ್ಕೆ ಬರುತ್ತದೆ. ಹಳೆಯ ಕಡ್ಡಿ ತೂರಲಾರದು, ಅದನ್ನು ನಾವೇ ಎತ್ತಿ ಸುತ್ತಿನ ದಾರಿಯಲ್ಲಿ ತಿಪ್ಪೆಗೆ ಸಾಗಿಸಬೇಕು. "ಗೊತ್ತಾಯ್ತು ಮೇಡಂ," ಎಂದೆ. ಯಜಮಾನರು ಮೂರು ಸಲ ತಲೆ ಆಡಿಸಿದರು. ಮೂರು ಸಲ ಆಡಿದ ತಲೆಯೊಳಕ್ಕೆ ಏನೂ ಹೋಗಿಲ್ಲ ಎಂಬುದು ಮದುವೆಯಾದ ಮೊದಲ ವರ್ಷವೇ ನಾನು ಕಲಿತ ಪಾಠ.

ಮೇಡಂ ಮೂರು ಕಟ್ಟಳೆ ಹಾಕಿದರು. ಸಿಲಿಂಡರಿನ ಹತ್ತಿರ ಬೆಂಕಿ ಕೂಡದು. ಪೆಟ್ಟಿಗೆಯ ಪಕ್ಕದ ಜಾಲರಿ ಅದು ಗಾಳಿ ಎಳೆದುಕೊಳ್ಳುವ ಜಾಗ, ಮುಚ್ಚಕೂಡದು. ಒಂದು ಸಿಲಿಂಡರು ಇಪ್ಪತ್ತು ಗಂಟೆ ಬರುತ್ತದೆ, ಆದ್ದರಿಂದ ಕರೆಂಟು ಹೋದಾಗ ಮಾತ್ರ ಹಾಕಬೇಕು. ಹಾಕಿದ ಹೊತ್ತನ್ನು ಬರೆದಿಡಲು ಒಂದು ಪುಸ್ತಕ ಕೊಟ್ಟು, ಹಿಂದಿನ ರಟ್ಟಿನ ಮೇಲೆ ತಮ್ಮ ಫೋನ್ ನಂಬರು ಬರೆದುಹೋದರು.

ಎರಡು ದಿನ ಎಲ್ಲವೂ ಸರಿಯಾಗಿ ನಡೆಯಿತು. ಮೂರನೇ ದಿನ, ಅಂದರೆ ನಾನು ಸೊಪ್ಪು ಹಾಕುತ್ತಿದ್ದ ಆ ಮಧ್ಯಾಹ್ನ, ನೀರು ಬಿಡುವ ಮುನೇಶ ಜಗಲಿಗೆ ಬಂದ.

"ಏನಣ್ಣ, ಜನರೇಟ್ರು ತಂದಿದ್ದೀರಂತೆ. ಸದ್ದೇ ಇಲ್ಲ, ಹೊಗೇನೂ ಇಲ್ಲ?"

"ಜನರೇಟ್ರು ಅನ್ಬೇಡ ಕಣೋ. ಫ್ಯುಯೆಲ್ ಸೆಲ್ಲು. ಹೊಗೆಯಂಥಾ ಕೀಳು ಪದಾರ್ಥ ಇದು ಬಿಡೋದೇ ಇಲ್ಲ."

"ಮತ್ತೇನು ಬಿಡ್ತದೆ?"

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನಮ್ಮ ಯಜಮಾನರಿಗೆ ಕೇಳುವವರು ಸಿಕ್ಕರೆ ನಿಲ್ಲುವ ಅಭ್ಯಾಸವಿಲ್ಲ.

"ನೀರು ಬಿಡ್ತದಪ್ಪ. ಅದೂ ಎಂಥಾ ನೀರು! ಫ್ಲೋರೈಡಿಲ್ಲ, ಉಪ್ಪಿಲ್ಲ, ಸಾವಿರದ ಇನ್ನೂರಡಿ ಬೋರು ಕೊರೀಬೇಕಾಗಿಲ್ಲ. ನೋಡಿಲ್ಲಿ."

ಪೆಟ್ಟಿಗೆಯ ಹಿಂದಿನಿಂದ ಬಂದ ಸಣ್ಣ ಪೈಪಿನ ಕೆಳಗೆ ಸ್ಟೀಲ್ ಲೋಟವೊಂದಿತ್ತು. ಅದರಲ್ಲಿ ಒಂದು ಹನಿ ಬಿತ್ತು.

ಕರೆಂಟಿಲ್ಲದ ಊರಿನಲ್ಲಿ ಫ್ಯಾನು ತಿರುಗುತ್ತಿರುವುದನ್ನು ಮುನೇಶ ನೋಡಲಿಲ್ಲ. ಲೋಟವನ್ನೇ ನೋಡಿದ. ನಾಲ್ಕು ದಿನಕ್ಕೊಮ್ಮೆ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವವನು ಅವನು, ಆ ಒಂದು ಕಾರಣಕ್ಕೇ ಎಲ್ಲ ಮದುವೆಗಳಲ್ಲೂ ಮೊದಲ ಪಂಕ್ತಿಯಲ್ಲಿ ಕೂರುವವನು. ಅವನ ಮುಖ ಸಣ್ಣಗಾಯಿತು. "ನಾನು ವಾಲ್ವು ತಿರುಗಿಸ್ದೆ ಈ ಊರಲ್ಲಿ ಯಾರ ಮನೇಲಿ ನೀರು ಬಂದೈತೆ?" ಎಂದು ತನಗೆ ತಾನೇ ಹೇಳಿಕೊಂಡು ಹೊರಟುಹೋದ.

ಮಾರನೆಯ ಬೆಳಿಗ್ಗೆ ಎದುರು ಮನೆಯ ಕೊಂಡಮ್ಮ ಲೋಟ ಹಿಡಿದು ಬಂದರು.

"ಮಂಡಿ ನೋವು ಕಣಪ್ಪ ಭಾನು. ಎಲ್ಲಾ ಈ ಬೋರ್ ನೀರಿಂದ್ಲೇ ಅಂತ ಡಾಕ್ಟ್ರಂದ್ರು. ನಿನ್ನ ಮಿಷನ್ನಿಂದು ಒಂದು ಗುಟುಕು ಕೊಡು."

"ಕೂತ್ಕೊಳಿ ಅಕ್ಕ, ಬರ್ತದೆ."

ಕರೆಂಟು ಇತ್ತು. ಆದರೂ ಯಜಮಾನರು ಸಿಲಿಂಡರಿನ ವಾಲ್ವು ತಿರುಗಿಸಿದರು. ಕೊಂಡಮ್ಮ ಕೂತರು. ಕಾಲು ಗಂಟೆಯಾದರೂ ಲೋಟ ಒಣಗಿಯೇ ಇತ್ತು. ಯಜಮಾನರು ಪೆಟ್ಟಿಗೆಯನ್ನು ತಟ್ಟಿದರು, ಪೈಪು ಊದಿದರು, ಕೊನೆಗೆ ಕಾಲೇಜಿನ ಯಾರಿಗೋ ಫೋನು ಮಾಡಿ ಒಂದು ಸತ್ಯ ತಿಳಿದುಕೊಂಡರು. ಕರೆಂಟು ಬಳಸಿದರೆ ಮಾತ್ರ ನೀರು ಹುಟ್ಟುತ್ತದೆ. ಹೆಚ್ಚು ಬಳಸಿದಷ್ಟೂ ಹೆಚ್ಚು.

ಅಲ್ಲಿಂದ ನನ್ನ ಮನೆಯಲ್ಲಿ ಲೋಕ ತಲೆಕೆಳಗಾಯಿತು. ಪ್ರಪಂಚದ ಎಲ್ಲ ಕಡೆ ಬೆಳಕಿಗಾಗಿ ದೀಪ ಹಾಕುತ್ತಾರೆ. ನಮ್ಮ ಜಗಲಿಯಲ್ಲಿ ಬೆಳಿಗ್ಗೆ ಹತ್ತರ ಬಿಸಿಲಿಗೆ ನೀರಿಗಾಗಿ ನಾಲ್ಕು ಬಲ್ಬು ಉರಿಸಿದರು. ಹೆಂಗಸರು ಅವುಗಳ ಕೆಳಗೆ ಲೋಟ ಹಿಡಿದು ಸಾಲಾಗಿ ಕೂತರು. ಹನಿ ಬೇಗ ಬೀಳಲಿ ಎಂದು ಒಬ್ಬೊಬ್ಬರೂ ಮನೆಯಿಂದ ಫೋನು ತಂದು ಚಾರ್ಜಿಗೆ ಚುಚ್ಚಿದರು. ಪಾಳಿ ತಡವಾದ ಒಬ್ಬಾಕೆ ಗ್ರೈಂಡರನ್ನೇ ಹೊತ್ತುಕೊಂಡು ಬಂದಳು.

"ಇದ್ನ ಹಾಕಣ ಅಣ್ಣ, ಬಿಂದಿಗೆ ತುಂಬ್ತದೆ."

ಹಾಕಿದರು. ಪೆಟ್ಟಿಗೆ ಒಮ್ಮೆ ಕೀಚ್ ಎಂದು ಎಲ್ಲವನ್ನೂ ಆರಿಸಿತು. ಹನಿಗಾಗಿ ಅದಕ್ಕೇ ಸಿಕ್ಕಿಸಿದ್ದ ಹುಳು ಮನೆಯ ಫ್ಯಾನೂ ನಿಂತಿತು. ನಾನು ಬಾಗಿಲಿಗೆ ಬಂದೆ.

"ರೀ, ಸಿಲಿಂಡರ್ ಖಾಲಿಯಾಗುತ್ತೆ. ಇನ್ನೂ ನಾಲ್ಕು ದಿನ ಹುಳ ಉಳಿಬೇಕು."

"ನಿಂಗೆ ವಿಜ್ಞಾನ ಗೊತ್ತಿಲ್ಲ ತನುಜ, ಸುಮ್ನಿರು. ಗಾಳೀಲಿರೋ ನೀರನ್ನ ಇದು ಹಿಂಡ್ತದೆ. ಗಾಳಿ ಎಲ್ಲಾದ್ರೂ ಖಾಲಿಯಾಗುತ್ತಾ?"

"ಗಾಳಿ ಆಗಲ್ಲ ರೀ, ಹೈಡ್ರೋಜನ್ ಆಗುತ್ತೆ."

"ಎಲ್ಲಾರ ಮುಂದೆ ವಾದ ಮಾಡ್ತೀಯಲ್ಲ!" ಎಂದು ಬೇಸರಪಟ್ಟುಕೊಂಡರು. ಕೊಂಡಮ್ಮ "ಹೌದು ಕಣೇ, ಗಂಡಸ್ರು ಓದಿರೋರು" ಎಂದು ಬುದ್ಧಿ ಹೇಳಿದರು.

ಹುಳು ಮನೆಗೆ ಹೊರಗಿನವರು ಕಾಲಿಡಬಾರದು. ನಾವೇ ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋಗುತ್ತೇವೆ. ಊದುಬತ್ತಿ, ಸೆಂಟು, ಒಗ್ಗರಣೆಯ ಘಾಟು ಯಾವುದೂ ಹುಳುವಿಗೆ ಆಗದು. ಮೇಲೂರಿನ ಮಕ್ಕಳಿಗೂ ಗೊತ್ತಿರುವ ಈ ಸಂಗತಿಯನ್ನು ಆ ದಿನ ಊರಿಗೆ ಊರೇ ಮರೆತಿತ್ತು. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದೆ. ಅದರ ಮೇಲೆ ಯಾರೋ ಟವೆಲು ಒಣಹಾಕಿದರು.

ಮಧ್ಯಾಹ್ನ ಶಿಡ್ಲಘಟ್ಟದಿಂದ ಕರೀಂ ಸಾಬ್ ಲಗೇಜ್ ಆಟೋದಲ್ಲಿ ಬಂದಿಳಿದರು. ನೂಲು ತೆಗೆಯುವವರು. ನಮ್ಮ ಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಎಷ್ಟೋ ಸಲ ಕೂಗಿದ್ದಾರೆ. ಆಟೋದ ಹಿಂದೆ ಎರಡು ನೀಲಿ ಡ್ರಮ್ಮುಗಳಿದ್ದವು.

"ಭಾನು ಭಾಯ್, ನಿಮ್ಮ ನೀರು ಬಹಳ ಮೆದು ಅಂತೆ. ಗೂಡು ಬೇಯಿಸೋಕೆ ಇಂಥಾ ನೀರೇ ಬೇಕು, ನೂಲಿಗೆ ಹೊಳಪು ಬರ್ತದೆ. ಎರಡೇ ಎರಡು ಡ್ರಮ್ ಕೊಡಿ."

"ಅದಕ್ಕೇನು, ತಗೊಂಡೋಗಿ ಸಾಬ್ರೇ!"

ಕರೀಂ ಸಾಬರು ವ್ಯಾಪಾರಸ್ಥರು. ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗಡಿಯಾರ ನೋಡಿದರು. ಒಂದು ಹನಿ. ಇನ್ನೊಂದು. ಅರ್ಧ ಗಂಟೆ ಒಂದೇ ಸಮನೆ ನೋಡಿ, ಲೋಟದೊಳಗೆ ಬೆರಳಿಟ್ಟು ಅಳೆದು, ಕಣ್ಣು ಮುಚ್ಚಿ ಲೆಕ್ಕ ಹಾಕಿದರು.

"ಗಂಟೆಗೆ ಅರ್ಧ ಲೋಟ. ಎರಡು ಡ್ರಮ್ಮಿಗೆ ಹತ್ತಿರ ಹತ್ತಿರ ಒಂದು ವರ್ಷ ಭಾಯ್, ಅದೂ ಹಗಲೂ ರಾತ್ರಿ ನಡೆಸಿದ್ರೆ. ಡ್ರಮ್ ಇಲ್ಲೇ ಬಿಟ್ಟಿರ್ಲಾ? ಮುಂದಿನ ರಂಜಾನಿಗೆ ಬರ್ತೀನಿ."

ನಗದೆ ಎದ್ದು, ಡ್ರಮ್ಮುಗಳ ಸಮೇತ ಹೊರಟರು. ಹೋಗುವಾಗ ನನ್ನ ಕಡೆ ತಿರುಗಿ ಮೆಲ್ಲಗೆ, "ಅಮ್ಮಾ, ಒಳಗೆ ಫ್ಯಾನ್ ತಿರುಗ್ತಾ ಇತ್ತಲ್ಲ, ಅದೂ ಇದರಿಂದ್ಲೇನಾ?" ಎಂದರು. ಹೌದೆಂದೆ. "ಅದು ಒಳ್ಳೇ ಚೀಜ್," ಎಂದು ಹೋದರು. ಆ ವಾರ ಫ್ಯಾನನ್ನು ಕಂಡ ಮನುಷ್ಯ ಅವರೊಬ್ಬರೇ.

ಸಂಜೆಗೆ ಮೊದಲ ಸಿಲಿಂಡರು ಮುಗಿಯಿತು. ಉಳಿದದ್ದು ಒಂದು.

ಐದನೇ ದಿನ ಬೆಳಿಗ್ಗೆ ಕೆಂಚಾರ್ಲಹಳ್ಳಿಯಿಂದ ಯಜಮಾನರ ಅಕ್ಕ ಆದಿಲಕ್ಷ್ಮಮ್ಮನವರು ಬಂದರು. ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ತಟ್ಟೆ. ಅವರ ಮಾತು ಕನ್ನಡದಲ್ಲಿ ಹೊರಟರೂ ತೆಲುಗಿನಲ್ಲಿ ಒಂದು ಸುತ್ತು ಹೋಗಿಯೇ ಬರುತ್ತದೆ.

"ಏಮ್ರಾ ಭಾನು! ಗಂಗಮ್ಮ ತಲ್ಲಿ ನಿನ್ನ ಮನೆ ಹುಡಿಕ್ಕೊಂಡು ಬಂದವ್ಳೆ. ಸ್ವಂತ ಅಕ್ಕಂಗೆ ಒಂದು ಫೋನ್ ಮಾಡಕ್ಕಾಗಲಿಲ್ವೇನೋ?"

"ಅದು ಗಂಗಮ್ಮ ಅಲ್ಲ ಅಕ್ಕ, ಫ್ಯುಯೆಲ್ ಸೆಲ್ಲು."

"ಹೆಸರು ಏನಾದ್ರೂ ಇರ್ಲಿ. ಪೂಜೆ ಮಾಡಿದ್ದೀಯಾ?"

ಯಜಮಾನರು ಮೂರು ಸಲ ತಲೆ ಆಡಿಸಿದರು. ಆ ತಲೆಯಾಟ ಹೌದೋ ಅಲ್ಲವೋ ನನಗೆ ತಿಳಿಯದು, ಅತ್ತಿಗೆಗೆ ತಿಳಿಯಿತು.

ನಾನು ಒಳಗೆ ಸೊಪ್ಪು ಹರಡುತ್ತಿದ್ದೆ. ಹನ್ನೆರಡಕ್ಕೆ ಊರಿನ ಕರೆಂಟು ಹೋಯಿತು, ಪೆಟ್ಟಿಗೆ ಎದ್ದಿತು, ಫ್ಯಾನು ತಿರುಗಿತು. ಐದು ನಿಮಿಷವಾಗಿರಬೇಕು. ಫ್ಯಾನು ಏದುಸಿರು ಬಿಡುವವರಂತೆ ನಿಧಾನವಾಗುತ್ತಾ ಬಂತು. ಸೊಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಪೆಟ್ಟಿಗೆಗೆ ಅರಿಶಿನ ಬಳಿದು ಐದು ಕಡೆ ಕುಂಕುಮ ಇಟ್ಟಿದ್ದರು. ಉಸಿರೆಳೆದುಕೊಳ್ಳುವ ಜಾಲರಿಯ ಮೇಲೆ ಎರಡು ಮೊಳ ಹಾರ ಹಾಕಿದ್ದರು. ಇಪ್ಪತ್ತು ಮೂವತ್ತು ಜನ ಕೈ ಮುಗಿದು ನಿಂತಿದ್ದರು. ಆದಿಲಕ್ಷ್ಮಮ್ಮನವರು ಉರಿಯುವ ಕರ್ಪೂರದ ತಟ್ಟೆಯನ್ನು ಹೈಡ್ರೋಜನ್ ಸಿಲಿಂಡರಿನಿಂದ ಮೊಳದಷ್ಟು ದೂರದಲ್ಲಿ, ಎಡದಿಂದ ಬಲಕ್ಕೆ, ಭಕ್ತಿಯಿಂದ ಬೆಳಗುತ್ತಿದ್ದರು.

ಹೇಗೆ ಅಷ್ಟು ದೂರ ದಾಟಿದೆನೋ ನನಗೆ ನೆನಪಿಲ್ಲ. ಒಂದು ಕೈಯಲ್ಲಿ ವಾಲ್ವು ಮುಚ್ಚಿದೆ. ಬಗ್ಗಿ ಬಾಯಿಯಿಂದಲೇ ಮಂಗಳಾರತಿಯನ್ನು ಉಫ್ ಎಂದು ಆರಿಸಿದೆ.

ಮಂಗಳಾರತಿಯನ್ನು ಬಾಯಿಯಿಂದ ಊದುವುದೆಂದರೆ ಏನೆಂದು ನನಗೂ ಗೊತ್ತು.

"ಅಯ್ಯೋ ದೇವುಡಾ!" ಎಂದು ಅತ್ತಿಗೆ ಕೂಗಿದರು. "ಆರಿಸ್ಬಿಟ್ಟಳಲ್ರೋ! ಎಂಜಲು ಉಸಿರಲ್ಲಿ ಆರಿಸ್ಬಿಟ್ಟಳಲ್ಲೋ ಭಾನು, ನಿನ್ನ ಹೆಂಡ್ತಿ!"

ಇದೇ ಹೊತ್ತಿಗೆ ಜೀಪೊಂದು ನಿಂತು, ಅದರಿಂದ ಒಬ್ಬ ಅಧಿಕಾರಿ ಇಳಿದರು. ಯಾವ ಇಲಾಖೆಯವರೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಹಿಂದೆ ಮುನೇಶ ಇದ್ದ, ಮೂರು ದಿನದಲ್ಲಿ ಮೊದಲ ಬಾರಿಗೆ ಮುಖ ಅಗಲ ಮಾಡಿಕೊಂಡು.

"ಯಾರ್ರೀ ಇಲ್ಲಿ ಪರ್ಮಿಷನ್ ಇಲ್ದೆ ನೀರು ತೆಗೀತಿರೋದು? ಎಷ್ಟು ಅಡಿ?"

"ಸಾರ್, ಅಡಿ ಇಲ್ಲ ಸಾರ್," ಎಂದರು ಯಜಮಾನರು.

"ಅಡಿ ಇಲ್ದೆ ನೀರು ಹೆಂಗೆ ಬರುತ್ರೀ?"

"ಗಾಳಿಯಿಂದ ಸಾರ್."

"ಗಾಳಿಯಿಂದ ತೆಗೆಯೋಕೆ ಪರ್ಮಿಷನ್ ಇದ್ಯಾ?"

"ಅದು ಹೆಂಗೆ ಅಂದ್ರೆ ಸಾರ್... ಒಂದು ಹಾಳೆ ಇದೆ. ಎಲೆಕ್ಟ್ರಾನು ಹಾಳೆ ತೂರುತ್ತೆ... ಅಲ್ಲ, ತೂರಲ್ಲ. ನೀರು ತೂರುತ್ತೆ. ಹಾಳೇನೇ ಸುತ್ತುತ್ತೆ..." ಇಪ್ಪತ್ತೆರಡು ವರ್ಷದ ವಿಜ್ಞಾನ ಅವರ ಹಣೆಯಿಂದ ಬೆವರಾಗಿ ಇಳಿಯುತ್ತಿತ್ತು. ನಾಲ್ಕನೆಯ ಸಲ ಹಾಳೆ ಎಂದು ನಿಂತುಬಿಟ್ಟರು.

ನನಗೆ ಕನಿಕರವಾಯಿತು. "ಸಾರ್, ನಾವು ಹುಳಕ್ಕೆ ಬಲೆ ಹಾಸ್ತೀವಲ್ಲ, ಹಂಗೆ. ಕೆಲವು ತೂರಿ ಆಚೆ ಬರ್ತವೆ, ತೂರದೇ ಇರೋವು ತಂತಿಯಲ್ಲಿ ಸುತ್ತಿ ಬರ್ತವೆ. ಸುತ್ತಿ ಬರೋದು ಕರೆಂಟು. ಎಲ್ಲಾ ಆಚೆ ಕಡೆ ಸೇರಿದಾಗ ನೀರು."

ಅಧಿಕಾರಿಗಳು ಸಮಾಧಾನದಿಂದ ಕೇಳಿ, ಫೈಲು ತೆಗೆದು ಬರೆದರು. ಇಣುಕಿ ನೋಡಿದೆ. 'ರೇಷ್ಮೆ ಹುಳುಗಳಿಂದ ನೀರು ತೆಗೆಯಲಾಗುತ್ತಿದೆ' ಎಂದಿತ್ತು.

"ನಾಡಿದ್ದು ಮತ್ತೆ ಬರ್ತೀನಿ. ಆಗ್ಲೂ ನೀರು ಬರ್ತಾ ಇದ್ರೆ ಮಿಷನ್ ಸೀಲ್ ಮಾಡ್ತೀನಿ," ಎಂದು ಜೀಪು ಹತ್ತಿದರು.

ಜನ ಕರಗಿದರು. ಯಜಮಾನರು ಕಂಬಕ್ಕೊರಗಿ ಕೂತು, "ನಾಳೇನೇ ಆಟೋ ಕರೆಸಿ ಕಾಲೇಜಿಗೆ ವಾಪಸ್ ಕಳಿಸ್ತೀನಿ. ಸರ್ಕಾರದ ತಂಟೆ ನಮಗೆ ಬೇಡ," ಎಂದರು.

"ಹುಳ ಹಣ್ಣಾಗೋಕೆ ಇನ್ನು ಮೂರು ದಿನ ಇದೆ ರೀ."

"ಏನಾದ್ರೂ ಆಗ್ಲಿ. ಬೆಳಿಗ್ಗೆ ಆಟೋ ಬರ್ತದೆ."

ನಾನು ಹಾರ ತೆಗೆದೆ, ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿದೆ, ವಾಲ್ವು ತಿರುಗಿಸಿದೆ. ಫ್ಯಾನು ಮತ್ತೆ ತಿರುಗಿತು. ಪೈಪಿನ ತುದಿಯಲ್ಲಿ ಒಂದು ಹನಿ ತೂಗಾಡಿ ಲೋಟಕ್ಕೆ ಬಿತ್ತು. ಇಷ್ಟೂ ಅನಾಹುತ ಮಾಡಿದ್ದು ಈ ಒಂದು ಮೊಳದ ಪೈಪು ಎಂದು ಅದನ್ನೇ ನೋಡುತ್ತಾ ನಿಂತೆ. ಜಗಲಿಯ ಪಕ್ಕದಲ್ಲೇ ಹುಳು ಮನೆಯ ಕಿಟಕಿ. ಸೆಖೆಗೆಂದು ಒಳಗಡೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದೆ. ಪೈಪಿನ ತುದಿಯನ್ನು ಕಿಟಕಿಯ ಜಾಲರಿಯಿಂದ ತೂರಿಸಿ ಗೋಣಿಯ ಮಡಿಕೆಯೊಳಗೆ ಸಿಕ್ಕಿಸಿದೆ. ಬಿದ್ದ ಹನಿಯನ್ನು ಗೋಣಿ ಕುಡಿಯಿತು. ಲೋಟವನ್ನು ಇದ್ದ ಜಾಗದಲ್ಲೇ ಇಟ್ಟೆ.

ಮಾರನೆಯ ದಿನ ಆಟೋ ಹನ್ನೆರಡು ದಾಟಿದ ಮೇಲೆ ಬಂತು. ಅಷ್ಟರಲ್ಲಿ ಯಜಮಾನರು ಬಗ್ಗಿ ಲೋಟ ನೋಡಿದ್ದರು.

"ತನುಜ, ನೀರು ನಿಂತೋಗಿದೆ!"

"ಹೌದಾ?"

"ಕೆಟ್ಟೋಯ್ತು ಮಿಷನ್ನು."

"ಫ್ಯಾನ್ ತಿರುಗ್ತಾ ಇದೆಯಲ್ರೀ."

"ಅದು ಬೇರೆ. ನೀರೇ ಬರ್ತಿಲ್ಲ ಅಂದ್ಮೇಲೆ ಕೆಟ್ಟಂಗೇ ತಾನೆ?"

ಆಟೋದವನಿಗೆ ವಾಪಸ್ ಹೋಗು ಎಂದರು. ಕೆಟ್ಟ ಮಿಷನ್ನಿಗೆ ಆಟೋ ಬೇರೆ ಕೇಡೇ, ಕಾಲೇಜಿನವರೇ ಬಂದು ತಗೊಂಡು ಹೋಗಲಿ ಎಂಬುದು ಅವರ ವಾದ. ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿತು. ಕೊಂಡಮ್ಮ ಬಂದು ಖಾಲಿ ಲೋಟ ಇಣುಕಿ ನೋಡಿ, ಸಾವಿಗೆ ಬಂದವರಂತೆ ಬಾಯಿಗೆ ಸೆರಗಿಟ್ಟುಕೊಂಡು ಹೋದರು. ಆದಿಲಕ್ಷ್ಮಮ್ಮನವರು ಚೀಲ ಹಿಡಿದು ಬಸ್ಸಿಗೆ ಹೊರಟರು. "ಮಂಗಳಾರತಿ ಊದಿದ ಮನೇಲಿ ಗಂಗಮ್ಮ ನಿಲ್ತಾಳೇನು?" ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಹೋದರು. ಅಪವಾದ ನನ್ನ ತಲೆಗೆ ಬಂತು. ಹೊತ್ತುಕೊಂಡೆ. ದಿನಕ್ಕೆ ಮೂರು ಸಲ ಹೊರುವ ಸೊಪ್ಪಿನ ಹೊರೆಗಿಂತ ಅದು ಹಗುರವಾಗಿತ್ತು.

ಏಳನೇ ದಿನ ಹೇಳಿದಂತೆ ಅಧಿಕಾರಿಗಳು ಬಂದರು. ಮಧ್ಯಾಹ್ನ ಒಂದು ಗಂಟೆ. ಊರಿಗೆಲ್ಲ ಕರೆಂಟಿಲ್ಲ. ಬೆವರು ಒರೆಸಿಕೊಳ್ಳುತ್ತಾ ಕಿಟಕಿಯ ಪಕ್ಕ ಫ್ಯಾನಿನ ಗಾಳಿ ಬೀಸುವ ಕಡೆಗೇ ಬಂದು ನಿಂತು, ಖಾಲಿ ಲೋಟವನ್ನು ಎತ್ತಿ ಬೋರಲು ಹಾಕಿ ನೋಡಿದರು. 'ನೀರು ಬರುತ್ತಿಲ್ಲ' ಎಂದು ಬರೆದು ಫೈಲು ಮುಚ್ಚಿದರು. ಮುನೇಶ ವಾಲ್ವಿನ ಕೀಲಿಯನ್ನು ಹೆಗಲಿಗೇರಿಸಿ, "ಅಕ್ಕಾ, ನಾಳೆ ನಿಮ್ಮ ಬೀದಿಗೆ ನೀರು ಬಿಡ್ತೀನಿ, ಬಿಂದಿಗೆ ಇಟ್ಕಳಿ," ಎಂದು ದೊಡ್ಡ ಮನಸ್ಸಿನಿಂದ ಹೇಳಿ ಹೋದ.

ಎಂಟನೇ ದಿನ ಬೆಳಿಗ್ಗೆ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿದವು. ಮೈ ಹಣ್ಣಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾಗಿತ್ತು. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡತೊಡಗಿದೆ. ಹನ್ನೆರಡಾಯಿತು, ಕರೆಂಟು ಹೋಯಿತು, ಫ್ಯಾನು ತಿರುಗುತ್ತಲೇ ಇತ್ತು. ಗೋಣಿತಾಟಿನಿಂದ ತಣ್ಣನೆಯ ಗಾಳಿ ಬಂದು ಕತ್ತಿಗೆ ತಾಗುತ್ತಿತ್ತು.

ಜಗಲಿಯಿಂದ ಯಜಮಾನರ ಧ್ವನಿ ಕೇಳಿತು. ಹಾದಿಯಲ್ಲಿ ಹೋಗುವ ಯಾರಿಗೋ ಹೇಳುತ್ತಿದ್ದರು. "ಬತ್ತೋಯ್ತು ಕಣಪ್ಪ. ವಿಜ್ಞಾನ ಅಂದ್ರೆ ಹಂಗೇನೆ, ಒಂದೊಂದ್ಸಲ ಬತ್ತೋಗ್ತದೆ. ಸಂಜೆ ಮೇಡಂಗೆ ಫೋನ್ ಮಾಡಿ, ಕೆಟ್ಟೋಗಿದೆ, ತಗೊಂಡೋಗಿ ಅಂತ ಹೇಳ್ಬಿಡ್ತೀನಿ."

ಚಂದ್ರಿಕೆಯ ಮೇಲೆ ಮೊದಲ ಹುಳು ತಲೆಯನ್ನು ಅತ್ತ ಇತ್ತ ತೂಗುತ್ತಾ ತನ್ನ ಸುತ್ತ ಎಳೆ ಸುತ್ತಲು ಶುರು ಮಾಡಿತ್ತು. ಕೈ ಒರೆಸಿಕೊಂಡು ಮೇಡಂ ಕೊಟ್ಟ ಪುಸ್ತಕ ತೆಗೆದೆ. ಆ ದಿನದ ಸಾಲಿನಲ್ಲಿ 'ಹನ್ನೆರಡರಿಂದ' ಎಂದು ಬರೆದು ಮುಂದೆ ಜಾಗ ಬಿಟ್ಟೆ. ಆಮೇಲೆ ಪುಸ್ತಕ ತಿರುಗಿಸಿ ಹಿಂದಿನ ರಟ್ಟಿನ ಮೇಲಿದ್ದ ನಂಬರನ್ನು ಎರಡು ಸಲ ಓದಿಕೊಂಡೆ. ಸಂಜೆಯವರೆಗೂ ಕಾಯುವುದಿಲ್ಲ, ಈ ಅಂತಸ್ತಿನ ಹುಳು ಬಿಟ್ಟು ಮುಗಿದ ಕೂಡಲೇ ನಾನೇ ಫೋನು ಮಾಡುತ್ತೇನೆ, ಮುಂದಿನ ಬೆಳೆಗೂ ಬೇಕು ಎನ್ನುತ್ತೇನೆ ಎಂದುಕೊಂಡೆ.

"ತನುಜ, ಒಳಗೇನು ಮಾಡ್ತಿದ್ದೀಯೇ?" ಎಂದು ಹೊರಗಿನಿಂದ ಕೂಗಿದರು.

"ಹುಳ ಬಿಡ್ತಾ ಇದ್ದೀನಿ ರೀ," ಎಂದೆ.